ಚನ್ನಪಟ್ಟಣದ ಗಣಕಯಂತ್ರ ಮೀಮಾಂಸೆ

ಆಲೆಮರದ ಗೊಂಬೆಗಳ ಲೆಕ್ಕವಿಡಲು ಗಣಕಯಂತ್ರವೊಂದನ್ನು ಕೊಳ್ಳುವ ಸಂಕಲ್ಪಗೈದ ಚನ್ನಪಟ್ಟಣದ ವರ್ತಕರೊಬ್ಬರಿಗೂ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜನ್ನು ಕಂಡಮಾತ್ರಕ್ಕೇ ಯಂತ್ರಪಂಡಿತನಾದ ಅವರ ಅಳಿಯನಿಗೂ ನಡೆದ ಸಂವಾದವಿದು.

“ಲ್ಯಾಪ್‌ಟಾಪೇ ಶ್ರೇಷ್ಠ, ಮಾವ; ಕನಕಪುರ, ಮಾಗಡಿಗಳಿಗೂ ಹೊತ್ತೊಯ್ಯಬಹುದು.”

“ಗಾದಿ ಬಿಟ್ಟೇಳದ ನಾನು ಎಲ್ಲಿಗೆ ಹೊತ್ತೊಯ್ಯಲಿ?”

“ಹಾಗಾದರೆ ಮೇಜಿನ ಮೇಲೆಯೇ ಇರಲಿ, ಕಣ್ಣಿಗೆ ಹಿತವಾಗಲೆಂದು ದೊಡ್ಡ ಮಾನಿಟರನ್ನೂ, ಬೆರಳಿಗೆ ಸುಖವಾಗಲೆಂದು ಬೇರೆ ಕೀಲಿಮಣೆ, ಮೌಸುಗಳನ್ನೂ, ಕಾವಾರಲೆಂದು ಅಡಿಯಲ್ಲೊಂದು ಫ್ಯಾನನ್ನೂ ಜೋಡಿಸಿ, ಚಾರ್ಜರನ್ನು ಶಾಶ್ವತವಾಗಿ ಗೋಡೆಗೆ ಸಿಕ್ಕಿಸಿದರಾಯಿತು.”

“ಅದನ್ನೇ ಅಲ್ಲವೇನಯ್ಯಾ ಡೆಸ್ಕ್‌ಟಾಪೆನ್ನುವುದು!”

“ವಿದ್ಯುತ್ತು ಹೋದರೆ?” ಎಂದು ಅಳಿಯನು ಬ್ರಹ್ಮಾಸ್ತ್ರವನ್ನೆಸೆದನು.

ಈ ಮಾತೊಂದು, ನ್ಯಾಯವಾಗಿ ಹೇಳುವುದಾದರೆ, ತೂಕದ್ದೇ; ಲ್ಯಾಪ್‌ಟಾಪಿನ ಒಡಲಲ್ಲಿಯೇ ಬ್ಯಾಟರಿಯುಂಟು. ಆದರೂ ಕೂತಲ್ಲೇ ಕೂರುವವರು, ಕೆಟ್ಟ ಭಾಗವೊಂದನ್ನೇ ಬದಲಿಸಿಕೊಳ್ಳಬಹುದಾದ ಡೆಸ್ಕ್‌ಟಾಪನ್ನೂ ಜೊತೆಗೊಂದು ಯುಪಿಎಸ್ಸನ್ನೂ ಕೊಳ್ಳುವುದೇ ಲೇಸು.