ರೀಲಾಭ್ಯಂಜನ ಮೀಮಾಂಸೆ

ಮೀನು ಹಿಡಿಯಲು ರೀಲು ಬೇಕು ಎಂಬುದು ಲೋಕರೂಢಿ. ರೀಲು ಬಿಚ್ಚಲು ಮೀನಿನ ನೆಪ ಬೇಕು ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇಷ್ಟು ಸರಳವಾದ ಸತ್ಯ ಇಷ್ಟು ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಕಾರಣವಿದೆ. ಪೆನ್ನು ಹಿಡಿದವರು ಗ್ರೀಸು ಮುಟ್ಟುವುದಿಲ್ಲ. ಗ್ರೀಸು ಮುಟ್ಟಿದವರ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ.

ಪದ್ಧತಿಯಂತೆ ಮೊದಲು ಕ್ಷೇತ್ರಪರಿಚಯ. ಮಧುರವಾಡ ವಿಶಾಖಪಟ್ಟಣದ ಉತ್ತರದ ಅಂಚು. ಹೊರಗಿನವರಿಗೆ ಇದು ಕ್ರಿಕೆಟ್ ಸ್ಟೇಡಿಯಂ ಇರುವ ಜಾಗ; 2005ರ ಏಪ್ರಿಲ್‌ನಲ್ಲಿ ಧೋನಿ ಪಾಕಿಸ್ತಾನದ ಮೇಲೆ 148 ರನ್ ಹೊಡೆದದ್ದು ಇಲ್ಲಿ. ಶಾಸ್ತ್ರಕ್ಕೆ ಅದರಿಂದ ಪ್ರಯೋಜನವಿಲ್ಲ. ಶಾಸ್ತ್ರಕ್ಕೆ ಬೇಕಾದದ್ದು ಇಷ್ಟು: ಒಂದು ಕಡೆ ಕಂಬಾಲಕೊಂಡದ ಕಾಡು, ಇನ್ನೊಂದು ಕಡೆ ಋಷಿಕೊಂಡದ ಕಡಲು, ನಡುವೆ 16ನೇ ನಂಬರಿನ ಹೆದ್ದಾರಿ, ಗುಡ್ಡದ ಮೇಲೆ ಐಟಿ ಕಂಪೆನಿಗಳು. ಐಟಿ ಇರುವುದರಿಂದ ಕನ್ನಡಿಗರು ಬಂದರು, ಕಡಲು ಇರುವುದರಿಂದ ಕನ್ನಡಿಗರು ರೀಲು ಕೊಂಡರು, ಕಡಲಗಾಳಿ ಇರುವುದರಿಂದ ರೀಲಿಗೆ ತುಕ್ಕು ಬಂತು. ಆ ಸರಪಳಿಯ ಕೊನೆಯ ಕೊಂಡಿ ಈ ಪ್ರಬಂಧ.

ಇಲ್ಲಿ ಒಂದು ತೌಲನಿಕ ಪ್ರಶ್ನೆ ಏಳುತ್ತದೆ. ಮಲ್ಪೆಯ ರೀಲಿಗೆ ತುಕ್ಕು ಹೆಚ್ಚೋ, ಮಧುರವಾಡದ ರೀಲಿಗೋ? ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ ಎಲ್ಲ ಬಂದು ಬೀಳುವ ಬಂಗಾಳ ಕೊಲ್ಲಿಯ ಮೇಲ್ನೀರು ಅರಬ್ಬಿ ಸಮುದ್ರದಷ್ಟು ಉಪ್ಪಲ್ಲ. ಅಲ್ಲಿ ಲೀಟರಿಗೆ 35–36 ಗ್ರಾಂ ಇರುವ ಉಪ್ಪು, ಇಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ 30ಕ್ಕಿಂತ ಕೆಳಗೂ ಇಳಿಯುತ್ತದೆ. ಈ ಅಂಕಿ ಹಿಡಿದುಕೊಂಡು ಉಡುಪಿ ಕಡೆಯ ಸಹೋದ್ಯೋಗಿಯೊಬ್ಬರು ‘ಉಪ್ಪಿನಲ್ಲೂ ನಾವೇ ಮುಂದೆ ಮಾರಾಯ್ರೆ’ ಎಂದು ಬೀಗುತ್ತಾರೆ. ದಾರವನ್ನು ಸುರುಳಿಯತ್ತ ತಿರುಗಿಸುವ ಬೇಲ್ ಕಂಬಿಯ ಸ್ಪ್ರಿಂಗಿಗೆ ಈ ಪ್ರಾದೇಶಿಕ ಅಭಿಮಾನ ಇದ್ದಂತಿಲ್ಲ. ಎರಡು ಕಡಲಿನಲ್ಲೂ ಅದು ಒಂದೇ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಇತಿಹಾಸ. ಎಲ್ಲ ಶಾಸ್ತ್ರಗಳಂತೆ ಇದೂ ಕರ್ನಾಟಕದಲ್ಲೇ ಹುಟ್ಟಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಅದಕ್ಕೆ ಗಾಳ ಹೇಗೆ ಹಾಕಬೇಕು ಎಂದು ಸಿಂಹಾಸನದ ಮೇಲಿದ್ದವನೇ ವಿವರಿಸಿದ್ದಾನೆ. ನೂರು ಅಧ್ಯಾಯಗಳ ಗ್ರಂಥ. ಆನೆ ಇದೆ, ಅಡುಗೆ ಇದೆ, ಕುಸ್ತಿ ಇದೆ. ಮೀನು ಎಳೆದಾಗ ದಾರಕ್ಕೆ ತಡೆ ಕೊಡುವ ಡ್ರ್ಯಾಗ್ ವಾಷರಿಗೆ ಯಾವ ಗ್ರೀಸು ಎಂಬುದು ಮಾತ್ರ ಇಲ್ಲ. ಆಗ ರೀಲೇ ಇರಲಿಲ್ಲವಲ್ಲ ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಅರಸನಾದವನಿಗೆ ಅಷ್ಟು ದೂರದೃಷ್ಟಿ ಇರಬೇಡವೇ? ಚೀನಾದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದ ಚಿತ್ರದಲ್ಲಿ ದೋಣಿಯಲ್ಲಿ ಒಬ್ಬನೇ ಕೂತ ಗಾಳಗಾರನ ಕೋಲಿಗೆ ಪುಟ್ಟದೊಂದು ಚಕ್ರ ಕಾಣುತ್ತದೆ. ಕಲ್ಯಾಣಕ್ಕೂ ರೀಲಿಗೂ ನಡುವೆ ಬರೀ ಅರವತ್ತೈದು ವರ್ಷ. ಆ ಗಾಳಗಾರ ಮುಂದಕ್ಕೆ ಬಾಗಿ ಮುದುಡಿ ಕೂತಿರುವ ಭಂಗಿಯನ್ನು ಕಲಾವಿಮರ್ಶಕರು ಏಕಾಂತ ಎನ್ನುತ್ತಾರೆ. ಬಿದ್ದ ಸ್ಕ್ರೂ ಹುಡುಕುವವನ ಭಂಗಿಯೂ ಅದೇ ಎಂಬುದನ್ನು ನಾವು ವಿನಯಪೂರ್ವಕ ಗಮನಕ್ಕೆ ತರುತ್ತೇವೆ.

ಆಮೇಲಿನ ಕಾಲದಲ್ಲಿ ಕನ್ನಡ ನೆಲ ಮತ್ತೆ ಎರಡು ಅವಕಾಶ ಕಳೆದುಕೊಂಡಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಿಕೆ ಮಾಡಿದ್ದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಕಿಟ್ಟೆಲ್ ನಿಘಂಟು ಅಲ್ಲಿಂದಲೇ ಹೊರಬಂದದ್ದು 1894ರಲ್ಲಿ. ಅಂದರೆ ಗಾಳಕ್ಕೆ ನಿಘಂಟಿಗಿಂತ ಇಪ್ಪತ್ತೊಂದು ವರ್ಷದ ಸೀನಿಯಾರಿಟಿ. ಆದರೆ ಥಾಮಸರ ಗ್ರಂಥದ ಹೆಸರಿನಲ್ಲೇ ಕೋಲು ಇದೆ, ರೀಲು ಇಲ್ಲ. ಎರಡನೆಯದು 1946ರದು. ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಎತ್ತಿದರು. ತೂಕವನ್ನು ಲೋಕವೆಲ್ಲ ನೆನಪಿಟ್ಟುಕೊಂಡಿದೆ. ಅಂದು ರಾತ್ರಿ ಅವರು ರೀಲು ಒರೆಸಿಟ್ಟರೇ ಎಂದು ಒಬ್ಬನಾದರೂ ಕೇಳಲಿಲ್ಲ. ನಮ್ಮ ಸಂಶೋಧನೆಗಳ ಗತಿ ಇದು.

ಹಾಗಾದರೆ ಈ ಯಂತ್ರವನ್ನು ನಮಗೆ ಕೊಟ್ಟವರು ಯಾರು? ಅಮೆರಿಕದ ಕೆಂಟಕಿಯಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರೀಲು ಮಾಡಿದ ಜಾರ್ಜ್ ಸ್ನೈಡರ್, ಗಡಿಯಾರ ರಿಪೇರಿಯವನು. 1905ರಲ್ಲಿ ಸ್ಪಿನ್ನಿಂಗ್ ರೀಲಿಗೆ ಪೇಟೆಂಟ್ ಪಡೆದ ಇಂಗ್ಲೆಂಡಿನ ಇಲಿಂಗ್‌ವರ್ತ್, ಬಟ್ಟೆ ಗಿರಣಿಯ ಒಡೆಯ. ನೂಲು ಸುತ್ತುವ ಬಾಬಿನ್ನು ನೋಡಿ ಹೊಳೆದದ್ದಂತೆ. ಸ್ವೀಡನ್ನಿನ ಆಬು ಕಂಪೆನಿ 1921ರಲ್ಲಿ ಶುರುವಾದದ್ದು ಗಡಿಯಾರದ ಕಾರ್ಖಾನೆಯಾಗಿ, ನಡುವೆ ಟ್ಯಾಕ್ಸಿ ಮೀಟರ್ ಮಾಡಿ, ಆಮೇಲೆ ರೀಲಿಗೆ ಬಂತು. ಅದೇ 1921ರಲ್ಲಿ ಜಪಾನಿನ ಶಿಮಾನೊ ಶುರುವಾದದ್ದು ಸೈಕಲ್ಲಿನ ಫ್ರೀವೀಲ್ ಮಾಡಲು. ಗಡಿಯಾರದವರು ಇಬ್ಬರು, ನೂಲಿನವನು ಒಬ್ಬ, ಸೈಕಲ್ಲಿನವನು ಒಬ್ಬ. ಮೀನುಗಾರಿಕೆಯನ್ನೇ ಕಸುಬಾಗಿ ಮಾಡಿದವನು ಒಬ್ಬನೂ ಇಲ್ಲ. ನಮ್ಮ ಪ್ರತಿಜ್ಞೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಶುದ್ಧಿಪ್ರಕರಣಕ್ಕೆ ಬರೋಣ. ಕಡಲಿಂದ ಬಂದ ರೀಲಿಗೆ ಮೊದಲ ಸಂಸ್ಕಾರ ಸಿಹಿನೀರಿನ ಪ್ರೋಕ್ಷಣೆ. ಪ್ರೋಕ್ಷಣೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ಹಾಯಿಸುವವರು ಉಪ್ಪನ್ನು ಹೊರಕ್ಕೆ ತೆಗೆಯುತ್ತಿಲ್ಲ, ಒಳಕ್ಕೆ ಕಳಿಸುತ್ತಿದ್ದಾರೆ. ನೀರು ಹಾಕುವ ಮೊದಲು ಡ್ರ್ಯಾಗ್ ಗುಬ್ಬಿ ಬಿಗಿ ಮಾಡಬೇಕು, ವಾಷರುಗಳ ಸಂದಿಗೆ ನೀರು ಇಳಿಯಬಾರದು. ಒಣಗಿಸಿ ಎತ್ತಿಡುವಾಗ ಸಡಿಲ ಮಾಡಬೇಕು, ಇಲ್ಲವಾದರೆ ವಾಷರುಗಳು ಒಂದಕ್ಕೊಂದು ಅಂಟಿ ಕೂರುತ್ತವೆ. ಈ ವಿಧಿ ಎಷ್ಟು ಪ್ರಾಚೀನ ಎಂಬುದಕ್ಕೆ ನಮ್ಮ ಬಳಿ ಪುರಾತತ್ತ್ವದ ಆಧಾರವೇ ಇದೆ. ಮಧುರವಾಡದಿಂದ ಭೀಮಿಲಿ ಕಡೆ ಹೋಗುವಾಗ ಕಡಲಿಗೆ ಮುಖ ಮಾಡಿ ನಿಂತ ತೊಟ್ಲಕೊಂಡದ ಮೇಲೆ ಸುಮಾರು ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಭಿಕ್ಷುಗಳು ವಿಹಾರ ಕಟ್ಟಿಕೊಂಡಿದ್ದರು. ಬಂಡೆ ಕೊರೆದು ಮಳೆನೀರಿನ ತೊಟ್ಟಿಗಳನ್ನು ಮಾಡಿದ್ದರು, ಈಗಲೂ ನೋಡಬಹುದು. ಕುಡಿಯುವುದಕ್ಕೆ ಎಂದು ಇತಿಹಾಸಕಾರರು ಹೇಳುತ್ತಾರೆ. ಕಣ್ಣೆದುರು ಉಪ್ಪುಕಡಲು, ಕೈಯಲ್ಲಿ ಸಿಹಿನೀರು: ಉದ್ದೇಶವನ್ನು ಬಿಡಿಸಿ ಹೇಳಬೇಕೆ? ಅವರು ಅಹಿಂಸಾವ್ರತಿಗಳಲ್ಲವೇ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಮೀನಿನ ಆಸೆ ಇಲ್ಲದೆ ರೀಲನ್ನು ತೊಳೆಯುವುದೇ ಈ ಶಾಸ್ತ್ರದ ಪರಮಾವಸ್ಥೆ.

ಬಿಚ್ಚುವ ಕೆಲಸಕ್ಕೆ ಡೈನಿಂಗ್ ಟೇಬಲ್ಲು, ಅದರ ಮೇಲೆ ಹಾಸಲು ಹಳೆಯ ‘ಈನಾಡು’. ಆ ಪತ್ರಿಕೆ 1974ರಲ್ಲಿ ಮೊದಲು ಅಚ್ಚಾದದ್ದು ವಿಶಾಖಪಟ್ಟಣದಲ್ಲೇ, ಆದ್ದರಿಂದ ಸ್ಥಳಮಹಿಮೆಗೂ ಕೊರತೆ ಇಲ್ಲ. ತಿರುಪುಳಿಯ ವಿಷಯದಲ್ಲಿ ಎಚ್ಚರ: ಜಪಾನಿ ರೀಲಿನ ಕ್ರಾಸ್ ಸ್ಕ್ರೂಗೆ ಜಪಾನಿ ಅಳತೆಯ ತುದಿ ಬೇಕು, ನಮ್ಮ ಅಂಗಡಿಯಲ್ಲಿ ಸಿಗುವ ಫಿಲಿಪ್ಸ್ ಹಾಕಿ ತಿರುಗಿಸಿದರೆ ತುದಿ ಮೇಲೆದ್ದು ಸ್ಕ್ರೂವಿನ ತಲೆಯನ್ನೇ ಅರೆದುಬಿಡುತ್ತದೆ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ಹಾಕಿ ನಡುವೆ ಉಪ್ಪುನೀರು ಬಿಟ್ಟರೆ ಅದೊಂದು ಸಣ್ಣ ಬ್ಯಾಟರಿ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆದು ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ.

ಕಳಚಿದ ಭಾಗಗಳನ್ನು ಕಳಚಿದ ಕ್ರಮದಲ್ಲೇ ಇಡಬೇಕು. ಅದಕ್ಕೆ ವಿದೇಶದಲ್ಲಿ ಆಯಸ್ಕಾಂತದ ಟ್ರೇ ಮಾರುತ್ತಾರೆ. ಮಧುರವಾಡ ಸಂಪ್ರದಾಯದಲ್ಲಿ ಇಡ್ಲಿ ತಟ್ಟೆಗೇ ಪ್ರಾಶಸ್ತ್ಯ. ಒಂದನೇ ಗುಳಿಯಲ್ಲಿ ಹ್ಯಾಂಡಲ್ಲಿನ ಸ್ಕ್ರೂಗಳು, ಎರಡನೆಯದರಲ್ಲಿ ಬೇರಿಂಗು, ಮೂರನೆಯದರಲ್ಲಿ ಕೂದಲೆಳೆ ದಪ್ಪದ ಶಿಮ್ ವಾಷರುಗಳು, ನಾಲ್ಕನೆಯದರಲ್ಲಿ ಹೆಸರು ಗೊತ್ತಿಲ್ಲದವು. ಬೇಲ್ ಸ್ಪ್ರಿಂಗನ್ನು ಯಾವ ಗುಳಿಯಲ್ಲೂ ಇಡಲಾಗದು. ಕವರಿನ ಕೊನೆಯ ಸ್ಕ್ರೂ ಸಡಿಲವಾದ ಕ್ಷಣವೇ ಅದು ಸ್ವತಂತ್ರ. ಈ ಹೊತ್ತಿನಲ್ಲಿ ಅಡುಗೆಮನೆಯಿಂದ ‘ರೀ, ಇಡ್ಲಿ ತಟ್ಟಿ ಎಲ್ಲಿಟ್ಟೀರಿ?’ ಎಂದು ಕೇಳಿಬರುವ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಹೇಳಿಲ್ಲ.

ಅಭ್ಯಂಜನದ ವಿಷಯದಲ್ಲಿ ಎರಡು ಪಂಥ. ತೈಲಪಂಥದವರು ಎಲ್ಲಕ್ಕೂ ಎಣ್ಣೆ ಎನ್ನುತ್ತಾರೆ, ಜಿಡ್ಡುಪಂಥದವರು ಎಲ್ಲಕ್ಕೂ ಗ್ರೀಸು. ಸಿದ್ಧಾಂತ ಇದು: ವೇಗ ಇರುವಲ್ಲಿ ಎಣ್ಣೆ, ಭಾರ ಇರುವಲ್ಲಿ ಗ್ರೀಸು. ಬೇರಿಂಗಿಗೆ, ಲೈನ್ ರೋಲರಿಗೆ ಒಂದೊಂದು ತೊಟ್ಟು ತೆಳು ಎಣ್ಣೆ. ಹೊಲಿಗೆ ಮೆಶಿನ್ನಿನದಾದರೂ ನಡೆಯುತ್ತದೆ. ಮೇನ್ ಗೇರು, ಪಿನಿಯನ್ನು ಇವಕ್ಕೆ ಹಲ್ಲಿಗೆ ಸವರಿದಷ್ಟು ಗ್ರೀಸು. ಒಂದೇ ಕಡೆ ತಿರುಗುವ ಕ್ಲಚ್ ಬೇರಿಂಗು ಮಾತ್ರ ಸನ್ಯಾಸಿ. ಅದಕ್ಕೆ ಗ್ರೀಸು ಹಚ್ಚಿದರೆ ಒಳಗಿನ ರೋಲರುಗಳು ಜಾರುತ್ತವೆ, ಮೀನು ಎಳೆದಾಗ ಹ್ಯಾಂಡಲ್ಲು ಹಿಂದಕ್ಕೆ ಗಿರ್ರನೆ ತಿರುಗಿ ಬೆರಳಗಂಟಿಗೆ ಬಡಿಯುತ್ತದೆ. ತೆಂಗಿನೆಣ್ಣೆಯ ಪರವಾಗಿ ಕರಾವಳಿಯ ಪಾಠವೊಂದಿದೆ, ಒಪ್ಪುವಂತಿಲ್ಲ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಇಲ್ಲಿನ ಜನವರಿ ರಾತ್ರಿಗಳಿಗೆ ಅಷ್ಟು ಸಾಕು. ಎಳ್ಳೆಣ್ಣೆಯೂ ಅಷ್ಟೆ, ಗಾಳಿಗೆ ಅಂಟಂಟಾಗುತ್ತದೆ. ಡಬ್ಲ್ಯುಡಿ-40 ಡಬ್ಬಿಯ ಭಕ್ತರಿಗೆ ಒಂದು ಮಾತು: ಅದು 1953ರಲ್ಲಿ ನೀರನ್ನು ಹೊರದೂಡಲು ಕಂಡುಹಿಡಿದದ್ದು, ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ. ರೀಲಿನೊಳಗೆ ಹೊಡೆದರೆ ಇರುವ ಗ್ರೀಸನ್ನೂ ತೊಳೆದು ಹಾಕುತ್ತದೆ. ನಿಮ್ಮ ರೀಲು ಆಕಾಶಕ್ಕೆ ಹಾರುವುದಿದ್ದರೆ ನಮ್ಮ ಅಡ್ಡಿ ಇಲ್ಲ.

ಈಗ ಪೂರ್ವಪಕ್ಷ. ಕಡಲಂಚಿನ ಮಂಗಮಾರಿಪೇಟೆಯ ಬಂಡೆಗಳ ಮೇಲೆ ನಮ್ಮ ಪಕ್ಕದಲ್ಲೇ ನಿಲ್ಲುವ ವೃದ್ಧ ಬೆಸ್ತರೊಬ್ಬರು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತಂಗೂಸಿ ದಾರ ಸುತ್ತಿಕೊಂಡು ಬರುತ್ತಾರೆ. ಕೈಯಿಂದ ಬೀಸುತ್ತಾರೆ, ಕೈಯಿಂದ ಎಳೆಯುತ್ತಾರೆ, ಬುಟ್ಟಿಗೆ ಹಾಕುತ್ತಾರೆ. ಅವರ ಯಂತ್ರದಲ್ಲಿ ಗೇರಿಲ್ಲ, ಬೇರಿಂಗಿಲ್ಲ, ತುಕ್ಕು ಹಿಡಿಯಲು ಗಾಳದ ಕೊಕ್ಕೆ ಬಿಟ್ಟರೆ ಏನೂ ಇಲ್ಲ. ನಮ್ಮ ರೀಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ‘ಬಾಗುಂದಿ ಬಾಬು. ಚೇಪ ಏದಿ?’ ಎಂದರು. ಚೆನ್ನಾಗಿದೆ, ಮೀನೆಲ್ಲಿ ಎಂದು. ಪೂರ್ವಪಕ್ಷದ ದೌರ್ಬಲ್ಯ ಇಲ್ಲಿಯೇ ಬಯಲಾಯಿತು: ಪ್ರತಿವಾದಿ ವಿಷಯವನ್ನೇ ಬಿಟ್ಟು ಮೀನಿನ ಮಾತೆತ್ತಿದ್ದಾರೆ. ಬಾಟಲಿ ಬಿಚ್ಚಿದರೆ ಒಳಗೆ ಏನೂ ಇರುವುದಿಲ್ಲ, ಆದ್ದರಿಂದ ಅದು ಶಾಸ್ತ್ರಕ್ಕೆ ಅನರ್ಹ. ಈ ಖಂಡನೆಯನ್ನು ಅವರಿಗೆ ತಿಳಿಸಬೇಕೆನ್ನುವಷ್ಟರಲ್ಲಿ ಅವರ ದಾರ ಮತ್ತೆ ಬಿಗಿಯಾಯಿತು, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

ಕಾಲನಿರ್ಣಯ ಸುಲಭ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ವಿಶಾಖ ಹಾರ್ಬರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿ ನಿಲ್ಲುತ್ತವೆ, ಎಂಜಿನ್ ಬಿಚ್ಚುತ್ತಾರೆ, ಬಲೆ ಹೆಣೆಯುತ್ತಾರೆ. ಬಂಡೆಯ ಮೇಲಿನ ಗಾಳಕ್ಕೆ ಇದು ಅನ್ವಯಿಸುವುದಿಲ್ಲವಾದರೂ ಸರ್ಕಾರ ಘೋಷಿಸಿದ ಅಭ್ಯಂಜನ ಪರ್ವವನ್ನು ಆಚರಿಸದಿರುವುದು ಸಭ್ಯತೆಯಲ್ಲ. ಕರ್ನಾಟಕದಲ್ಲಿ ಅದೇ ನಿಷೇಧ ಜೂನ್ 1ರಿಂದ ಜುಲೈ 31. ಎರಡೂ ರಾಜ್ಯಕ್ಕೆ ನಿಷ್ಠೆ ಇರುವ ಹೊರನಾಡ ಕನ್ನಡಿಗ ಮೂರೂವರೆ ತಿಂಗಳು ಟೇಬಲ್ ಬಿಟ್ಟು ಏಳಬೇಕಾಗಿಲ್ಲ.

ಕೊನೆಯದು, ಅತ್ಯಂತ ವಿವಾದಾಸ್ಪದವಾದದ್ದು, ಶೇಷಪ್ರಕರಣ. ರೀಲನ್ನು ಮತ್ತೆ ಜೋಡಿಸಿದ ಮೇಲೆ ಟೇಬಲ್ಲಿನ ಮೇಲೆ ಒಂದು ಭಾಗ ಉಳಿಯುತ್ತದೆ, ಅಥವಾ ಒಂದು ಭಾಗ ಸಾಲದೆ ಬರುತ್ತದೆ. ಉಳಿಯುವುದಕ್ಕೆ ಕಂಪೆನಿಯವರು ಒಂದು ಹೆಚ್ಚಿಗೆ ಹಾಕಿರುತ್ತಾರೆ ಎಂಬ ಅಧಿಕವಾದ ಸಮಾಧಾನ ಕೊಡುತ್ತದೆ. ಸಾಲದೆ ಬರುವುದು ಕಷ್ಟದ ಪ್ರಶ್ನೆ. ಈಚೆಗೆ ಒಂದು ಶಿಮ್ ವಾಷರ್ ಹೀಗೆ ಕಾಣೆಯಾಗಿ, ಹ್ಯಾಂಡಲ್ಲಿನಲ್ಲಿ ಸಣ್ಣ ಕಟಕಟ ಶುರುವಾಗಿ, ಸೋಫಾ ಎತ್ತಿ ಟಾರ್ಚ್ ಹಾಕಿ ಹುಡುಕಿದ್ದಾಯಿತು. ಭಾನುವಾರ ಹುಬ್ಬಳ್ಳಿಯಿಂದ ಬಂದಿದ್ದ ಮಾವನವರು ತಿಂಡಿಗೆ ಕೂತವರು ಎರಡನೇ ಇಡ್ಲಿಯ ನಡುವೆ ಅಗಿಯುವುದು ನಿಲ್ಲಿಸಿ, ಬೆರಳಿನಿಂದ ಏನನ್ನೋ ಹೊರತೆಗೆದು ತಟ್ಟೆಯ ಅಂಚಿಗೆ ಇಟ್ಟರು.

‘ಏನ್ರೀ ಅಳಿಯಂದ್ರ, ನಿಮ್ಮ ಕಡೆ ಇಡ್ಲಿಗೂ ವಾಷರ್ ಹಾಕ್ತಾರೇನ್ರೀ?’

ಮಗಳು ಅಪ್ಪನ ಮುಖ ನೋಡಲಿಲ್ಲ, ನಮ್ಮ ಮುಖ ನೋಡಿದಳು. ನಾವು ವರ್ನಿಯರ್ ತಂದು ಅಳೆದೆವು. 0.3 ಮಿಲಿಮೀಟರ್, ಅದೇ. ಹಬೆಯಲ್ಲಿ ಬೆಂದರೂ ತುಕ್ಕಿನ ಸುಳಿವಿಲ್ಲ, ಬಾಗಿಲ್ಲ, ಮೇಲೆ ತೆಳ್ಳಗೆ ತುಪ್ಪ. ಒರೆಸದೆ ಹಾಗೆಯೇ ಹಾಕಿ ಜೋಡಿಸಿದಾಗ ಕಟಕಟ ನಿಂತುಹೋಯಿತು. ಅದು ವಾಷರಿನಿಂದಲೋ ತುಪ್ಪದಿಂದಲೋ ತೀರ್ಮಾನವಾಗಬೇಕಾದರೆ ರೀಲನ್ನು ಮತ್ತೆ ಬಿಚ್ಚಬೇಕು. ಇಡ್ಲಿ ತಟ್ಟೆಯನ್ನು ಅಡುಗೆಮನೆಯವರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ; ಪಡ್ಡಿನ ಕಾವಲಿಯಲ್ಲಿ ಗುಳಿ ಏಳಿವೆ, ಇನ್ನೂ ಅನುಕೂಲ.