ತೊಳೆಯದೆ ಬಂದ ಕೊಕೊಪೀಟ್ ಇಟ್ಟಿಗೆಯವರಿಗೆ

ಪರಮಪೂಜ್ಯ ಕೊಕೊಪೀಟ್ ಇಟ್ಟಿಗೆಯವರ ಸನ್ನಿಧಿಗೆ,

ಗುಂಡ್ಲುಪೇಟೆ ಸೀಮೆಯ ಮದ್ದೂರಿನಿಂದ, ಸಸಿ ಬೆಳೆಸುವವನ ಸಾಷ್ಟಾಂಗ ನಮಸ್ಕಾರಗಳು. ನಾವು ಕ್ಷೇಮ. ಟ್ರೇಯಲ್ಲಿರುವ ಟೊಮೆಟೊ, ದಪ್ಪ ಮೆಣಸಿನಕಾಯಿ, ಚೆಂಡುಹೂವಿನ ಸಸಿಗಳು ಕ್ಷೇಮವಾಗಿಲ್ಲ. ಆ ಬಗ್ಗೆ ಅರಿಕೆ ಮಾಡಿಕೊಳ್ಳಲು ಈ ಪತ್ರ.

ಮೊದಲು ತಮ್ಮ ಉಪಕಾರ ನೆನೆಯಬೇಕು. ಲಾಟ್ವಿಯಾ, ಲಿಥುವೇನಿಯಾ, ಕೆನಡಾಗಳ ಜೌಗಿನಲ್ಲಿ ಸ್ಫ್ಯಾಗ್ನಮ್ ಪಾಚಿ ಅರೆಬರೆ ಕೊಳೆತು, ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಸೇರುತ್ತ ಬಂದದ್ದು ಪೀಟ್. ಒಂದು ಮೀಟರ್ ಅಗೆದರೆ ಸಾವಿರ ವರ್ಷ ಖಾಲಿ. ಜಗತ್ತಿನ ನೆಲದಲ್ಲಿ ಶೇ. 3ರಷ್ಟೇ ಇರುವ ಅಂಥ ಪೀಟ್ ಜೌಗುಗಳು ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ. ಸಸಿ ಬೆಳೆಸಲು ಆ ಪೀಟನ್ನು ಹಡಗಿನಲ್ಲಿ ತರಿಸುವ ಪಾಪದಿಂದ ತಾವು ನಮ್ಮನ್ನು ಪಾರುಮಾಡಿದಿರಿ. ತೆಂಗಿನ ನಾರು ಬಿಡಿಸಿದ ಮೇಲೆ ಗುಡ್ಡೆ ಬಿದ್ದಿರುತ್ತಿದ್ದ ಪುಡಿ ತಾವು. ಇಂದು ಪಾಲಿಹೌಸುಗಳೇ ತಮ್ಮನ್ನು ನಂಬಿ ನಿಂತಿವೆ. ಈ ಕೃತಜ್ಞತೆ ಬಾಯಿಮಾತಿನದಲ್ಲ.

ಗುಣದಲ್ಲೂ ತಾವು ಕಡಿಮೆಯವರಲ್ಲ. ಪೀಟಿನ ರಸಸಾರ 4ರ ಆಸುಪಾಸು, ಸುಣ್ಣ ಬೆರೆಸಲೇಬೇಕು. ಒಣಗಿತೋ, ಮತ್ತೆ ನೀರು ಹೀರಿಸುವುದು ಕಷ್ಟ. ತಾವು 5.5ರಿಂದ 6.5; ಒಣಗಿದರೂ ನೀರು ಸಲೀಸಾಗಿ ಹೀರುತ್ತೀರಿ. ಆದರೆ ಮಹನೀಯರೇ, ಪೀಟ್ ಉಪ್ಪು ಹೊತ್ತು ತರುವುದಿಲ್ಲ.

ತಮ್ಮ ಔದಾರ್ಯದ ತೊಂದರೆ ಅದೇ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಶಿಯಂ, ಕ್ಲೋರೈಡ್ ಧಾರಾಳ. ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಾದರೆ ಸೋಡಿಯಮ್ಮೂ ಸೇರುತ್ತದೆ. ಬರಿಯ ನೀರಿನಲ್ಲಿ ತೊಳೆದರೆ ಕರಗಿದ ಉಪ್ಪು ಹೋಗುತ್ತದೆ, ಕಣಕ್ಕೆ ಅಂಟಿಕೊಂಡದ್ದು ಅಲ್ಲೇ ಉಳಿಯುತ್ತದೆ. ನಾವು ಗಿಡಕ್ಕೆಂದು ಅರ್ಪಿಸಿದ ಕ್ಯಾಲ್ಸಿಯಂ ತಾವು ಸ್ವೀಕರಿಸಿ, ಪ್ರಸಾದವಾಗಿ ಪೊಟ್ಯಾಶಿಯಂ, ಸೋಡಿಯಂ ಕೊಡುತ್ತೀರಿ. ಎಳೆ ಸಸಿಯ ಎಲೆಯಂಚು ಸುಡುತ್ತದೆ. ಬದುಕಿದ ಗಿಡದಲ್ಲಿ ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಮುಂಗಾರಿಗೂ ಮುಂಚಿನ ಮಳೆಗೆ ಹದವಾದ ಹೊಲ, ನಾವು ಮತ್ತೊಮ್ಮೆ ಸಸಿ ಎಬ್ಬಿಸುವವರೆಗೆ ಕಾಯುವುದಿಲ್ಲ.

ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆದು ಬಳಸಿ ಎನ್ನುತ್ತಾರೆ ತಿಳಿದವರು. ಆಗಲಿ, ತಮ್ಮ ಅಭ್ಯಂಜನಕ್ಕೆ ನಾವು ಸಿದ್ಧ. 5 ಕಿಲೋ ಇಟ್ಟಿಗೆ ನೆನೆದು ಸುಮಾರು 70 ಲೀಟರಿಗೆ ಉಬ್ಬುತ್ತದೆ. ಅಷ್ಟನ್ನೂ ಮತ್ತೆ ಮತ್ತೆ ಜಾಲಿಸುವ ನೀರನ್ನು ಈ ಮಳೆನೆರಳಿನ ಸೀಮೆಯಲ್ಲಿ ಎಲ್ಲಿಂದ ತರುವುದು? ಬೋರ್‌ವೆಲ್ ನೀರೇ ಉಪ್ಪಾಗಿದ್ದರೆ ತೊಳೆದೂ ಫಲವಿಲ್ಲ. ಈ ಕೆಲಸ ತಮ್ಮನ್ನು ಅಚ್ಚು ಹಾಕುವ ಕಡೆಯೇ ಆಗಬೇಕಾದದ್ದು.

ಬಳಕೆಗೆ ಮೊದಲೇ ತಮ್ಮನ್ನು ಹದಗೊಳಿಸಿ ಕಳಿಸುವುದು ಆಗದ್ದೇನೂ ಅಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕ ಫರ್ಮೆಂಟೆಡ್ ಕೊಕೊಪೀಟ್’ ರೂಪಿಸಿದೆ. ಹಸಿ ಪುಡಿ ಸಸಿಯ ಪಾಲಿನ ಸಾರಜನಕವನ್ನೂ ಕಬಳಿಸುತ್ತದೆಂದು ಬಲ್ಲವರು ಮಾಡಿದ ಕೆಲಸವದು. ತಮ್ಮ ಕುಲದಲ್ಲೇ ಅಂಥವರಿರುವಾಗ ತಾವು ಮಾತ್ರ ಹೀಗೇಕೆ?

ತಮ್ಮ ಹೊದಿಕೆಯ ಮೇಲಿನ ಹಸಿರೆಲೆಯ ಚಿತ್ರ ಬಲು ಚೆಂದ. ಅದರ ಪಕ್ಕದಲ್ಲಿ ಮೂರು ಸಾಲು ಅಚ್ಚಾಗುವಂತೆ ದಯಮಾಡಿ: ತೊಳೆದಿದೆಯೋ ಇಲ್ಲವೋ, ಕ್ಯಾಲ್ಸಿಯಂನಲ್ಲಿ ಹದಗೊಳಿಸಿದೆಯೋ ಇಲ್ಲವೋ, ಉಪ್ಪಿನ ಅಳತೆ ಹೇಳುವ ಇ.ಸಿ. (ವಿದ್ಯುತ್ ವಾಹಕತೆ) ಎಷ್ಟು. ಬೆಲೆ ಸ್ವಲ್ಪ ಹೆಚ್ಚಾದರೂ ಕೊಡುತ್ತೇವೆ.

ಇಂತಿ ತಮ್ಮ ವಿಧೇಯ,
ಮದ್ದೂರಿನ ಸಸಿಗಾರ