ಓಟಿಪಿ ಮಿರಜಿಗೆ ಹೋಗೇತ್ರಿ

ನಮ್ಮ ಚಿಕ್ಕೋಡಿ ಕಡೆ ಹೊಸ ಕಂಪ್ಯೂಟರ್ ತರೋದು ಈಗೇನು ದೊಡ್ಡ ಸಂಗತಿಯಲ್ಲ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗ್ತಾರೆ, ಕಾಗವಾಡದವರು ಮಿರಜಿಗೆ ಹೋಗ್ತಾರೆ. ರಾಯಬಾಗದವರು ಎರಡೂ ಕಡೆ ರೇಟು ಕೇಳಿ, ಚೌಕಾಶಿ ಮಾಡಿ, ಕಡೀಕ ಊರಾಗಿನ ಅಂಗಡಿಯಲ್ಲೇ ತಗೋತಾರೆ. ಕಾಯಿ ಒಡೀತಾರೆ, ಮಾನಿಟರಿಗೆ ಕುಂಕುಮ ಹಚ್ಚತಾರೆ. ನಿಜವಾದ ಸಂಗತಿ ಶುರುವಾಗೋದು ಆಮೇಲೆ. ವೈರು ಜೋಡಿಸಲು ಬಂದ ಹುಡುಗನ ಮುಂದೆ ಚಹಾದ ಬಸಿ ಇಟ್ಟು ಕಾಕಾ ಅಂತಾರೆ: “ಹಂಗ ನನ್ನ ಜುನಾ ಮೇಲ್ ಅಷ್ಟೂ ಇದರಾಗ ಹಾಕಿ ಬಿಡಪಾ ತಮ್ಮಾ.”

ಮುಗೀತು, ಆ ತಮ್ಮನ ಸಂಜೆ ಹೋಯಿತು.

ಅವನು ಮೊದಲು ಐಡಿ ಕೇಳ್ತಾನೆ. ಐಡಿ ಹುಟ್ಟಿದ್ದು ಸೈಬರ್ ಕೆಫೆಯ ಕಾಲದಲ್ಲಿ. ಮಗನ ರಿಸಲ್ಟ್ ನೋಡಲು ಹೋದ ಕಾಕಾಗೆ ಕೆಫೆಯವನೇ ರೆಡಿಫ್‌ನಲ್ಲೋ ಯಾಹೂದಲ್ಲೋ ಒಂದು ಐಡಿ ತೆಗೆದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಅಡ್ಡಹೆಸರು, ಅದಕ್ಕೆ ಹತ್ತಿ ಹುಟ್ಟಿದ ವರ್ಷ, ಅದಕ್ಕೆ ಹತ್ತಿ ಊರು. ನಿಪ್ಪಾಣಿ, ಕಾಗವಾಡ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಹಾಗಾಗಿ ಕಾಗವಾಡದವರ ಐಡಿಯಲ್ಲಿ ಇವತ್ತಿಗೂ ಅಥಣಿ, ನಿಪ್ಪಾಣಿಯವರ ಐಡಿಯಲ್ಲಿ ಚಿಕ್ಕೋಡಿ ಕೂತಿದೆ. ಪಾಸ್‌ವರ್ಡ್? “ಅದು ಅವಗ ಗೊತ್ತಿತ್ತು.” ಅವನೆಲ್ಲಿ? ಕೆಫೆ ಹೋಗಿ ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ.

“ಚಿಂತಿ ಮಾಡಬ್ಯಾಡ್ರಿ ಕಾಕಾ, ಓಟಿಪಿ ತರಿಸೂಣು” ಅಂತಾನೆ ಹುಡುಗ. ಪರದೆಯ ಮೇಲೆ ಫೋನ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಮೂಡುತ್ತವೆ. ಕಾಕಾ ಚಷ್ಮಾ ಹಣೆಗೇರಿಸಿ ನೋಡ್ತಾರೆ. “ಅಯ್ಯ, ಇದು ನಮ್ಮ ಮಹಾರಾಷ್ಟ್ರ ಸಿಮ್ಮಲ್ಲೋ!”

ಮಂಡ್ಯದವರಿಗೆ, ಮಂಗಳೂರಿನವರಿಗೆ ಇದು ಬಿಡಿಸಿ ಹೇಳದೆ ತಿಳಿಯೋದಿಲ್ಲ. ನಮ್ಮಲ್ಲಿ ಪಡಸಾಲೆಯಲ್ಲಿ ಕರ್ನಾಟಕದ ಟವರು, ಹಿತ್ತಲಿಗೆ ಹೋದರೆ ಮಹಾರಾಷ್ಟ್ರದ್ದು. ಕಬ್ಬಿಗೆ ನೀರು ಬಿಡುತ್ತ ನಿಂತವನ ಫೋನಿಗೆ “ಮಹಾರಾಷ್ಟ್ರಕ್ಕೆ ಸ್ವಾಗತ” ಅಂತ ಮೆಸೇಜು. ಆಗೆಲ್ಲ ಹೊರಗಿಂದ ಬಂದ ಕರೆಗೂ ರೋಮಿಂಗ್ ದುಡ್ಡು ಬೀಳುತ್ತಿತ್ತು. ಅದಕ್ಕೇ ಅಂಗಿ ಕಿಸೆಯಲ್ಲೊಂದು ಸಿಮ್ಮು, ಪ್ಯಾಂಟಿನ ಕಿಸೆಯಲ್ಲೊಂದು. 2015ರ ಜೂನ್ 15ಕ್ಕೆ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಬರುವ ಕರೆ ಪುಕ್ಕಟೆ ಮಾಡಿತು. 2017ರ ಏಪ್ರಿಲ್‌ನಿಂದ ಏರ್‌ಟೆಲ್ಲೂ ದೇಶದೊಳಗಿನ ರೋಮಿಂಗ್ ದರ ತೆಗೆದುಹಾಕಿತು. ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟರೂ ಮುಗಿಯದ ಗಡಿ ತಂಟೆ ಫೋನಿನ ಮಟ್ಟಿಗಾದರೂ ಮುಗಿಯಿತು ಅಂತ ನಮ್ಮವರು ಎರಡನೇ ಸಿಮ್ ತೆಗೆದು ಟ್ರಂಕಿಗೆ ಎಸೆದರು. ರಿಚಾರ್ಜ್ ನಿಂತಿತು. ಬಂದಾದ ನಂಬರನ್ನು ಕಂಪನಿಯವರು ಕನಿಷ್ಠ 90 ದಿನ ಸುಮ್ಮನಿಟ್ಟು ಆಮೇಲೆ ಬೇರೆಯವರಿಗೆ ಕೊಡಬಹುದು. ಮೇಲ್‌ನವರು ಎಂದೋ ಒಮ್ಮೆ “ಮೊಬೈಲ್ ನಂಬರ್ ಹಾಕಿ” ಅಂದಾಗ ಕಾಕಾ ಹಾಕಿದ್ದು ಆ ಹೊತ್ತಿಗೆ ಕೈಗೆ ಸಿಕ್ಕ ಫೋನಿಂದು. ಅಂದರೆ ಈ ಗಳಿಗೆಯಲ್ಲಿ ಮಿರಜಿನ ಯಾವುದೋ ಹೋಟೆಲಿನಲ್ಲಿ ಮಿಸಳ್ ತಿನ್ನುತ್ತ ಕೂತ ಯಾರೋ ಪುಣ್ಯಾತ್ಮನ ಕಿಸೆಯಲ್ಲಿ ಕಾಕಾನ ಓಟಿಪಿ ಗುಂಯ್ ಅಂತಿರಬಹುದು.

ಇದು ಮನೆ ಮಂದಿಯ ಕತೆ. ತಂಬಾಕಿನ ವಖಾರಿ, ಕಾರಖಾನೆ, ಲೆಕ್ಕಪತ್ರದ ಆಫೀಸುಗಳದ್ದು ಇನ್ನೊಂದು. ಅಲ್ಲಿ ಪಾಸ್‌ವರ್ಡ್ ಗೋಡೆಗೇ ಅಂಟಿಸಿರುತ್ತಾರೆ, ಒಳಗೆ ಹೋಗಲು ತೊಂದರೆಯಿಲ್ಲ. ಹೋದರೆ ಒಳಗೆ ಮೇಲೇ ಇಲ್ಲ! ಕಾರಣ ಆಗಿನ ಡಬ್ಬಿಯ ಗಾತ್ರ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಹಾಟ್‌ಮೇಲ್ ಶುರು ಮಾಡಿದಾಗ ಒಬ್ಬೊಬ್ಬರಿಗೆ ಕೊಟ್ಟ ಜಾಗ 2 ಎಂಬಿ. ಇವತ್ತು ಒಂದು ಮದುವೆಯ ಫೋಟೋ ಅದರಲ್ಲಿ ಹಿಡಿಯೋದಿಲ್ಲ. ಆ ಇಕ್ಕಟ್ಟಿನ ಕಾಲದ ಉಪಾಯ ಪಾಪ್. ಊರ ಟಪಾಲ್ ಕಚೇರಿಗೆ ಹೋಗಿ ನಮ್ಮ ಕಾಗದವೆಲ್ಲ ಗಂಟು ಕಟ್ಟಿ ಮನೆಗೆ ತಂದಂತೆ, ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅಲ್ಲಿಯ ಡಬ್ಬಿ ಖಾಲಿ ಮಾಡೋದು. ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸಿದವರದೆಲ್ಲ ಹೆಚ್ಚಾಗಿ ಇದೇ ಲೆಕ್ಕ.

ಸರಿ, ಮನೆಗೆ ತಂದು ಎಲ್ಲಿಟ್ಟರು? ಸಿ ಡ್ರೈವಿನಲ್ಲಿ, ಫೋಲ್ಡರಿನೊಳಗೆ ಫೋಲ್ಡರು, ಅದೂ ಕಣ್ಣಿಗೆ ಕಾಣದ್ದು. ಇಟ್ಟವರು ಇವರಲ್ಲ, ಸಾಫ್ಟ್‌ವೇರೇ ಇಟ್ಟಿತು. ವೈರಸ್ ಬಂದಾಗ ರಿಪೇರಿಯವನು ಬಂದು “ಸಿ ಡ್ರೈವಿನಾಗ ಏನರ ಐತೇನ್ರಿ?” ಅಂತ ಕೇಳ್ತಾನೆ. ಹಿರಿಯ ಗುಮಾಸ್ತರು ಎದೆ ಸೆಟೆಸಿ, “ಏನಿಲ್ಲೋ, ನಮ್ಮದೆಲ್ಲಾ ಡಿ ಡ್ರೈವಿನಾಗ” ಅಂತಾರೆ. ಫಾರ್ಮ್ಯಾಟ್! ಮಗಳ ಲಗ್ನದ ಫೋಟೋ, ಅಜಯ ದೇವಗನ್ನನ ಸಿನಿಮಾ ಡಿ ಡ್ರೈವಿನಲ್ಲಿ ಸುಖವಾಗಿ ಉಳಿದವು. ವರ್ಷಗಳ ಪತ್ರವ್ಯವಹಾರ ಸಿ ಜೊತೆ ಸಾಫ್.

ಎಲ್ಲಾ ಹೋಗಿ ಮೇಲ್ ಮಾತ್ರ ಉಳಿದ ಮನೆಗಳೂ ಇವೆ. 2005, 2019, 2021, ಕೃಷ್ಣೆ ಮಹಾಪೂರ ಬಂದಾಗಲೆಲ್ಲ ದಂಡೆಯ ಹಳ್ಳಿಗಳಲ್ಲಿ ಕಂಪ್ಯೂಟರಿನ ಡಬ್ಬದೊಳಗೆ ರಾಡಿ ತುಂಬಿತು. ಪಾಪಿನಂತೆ ಇಳಿಸಿ ಖಾಲಿ ಮಾಡದೆ ಮೇಲನ್ನು ಅಲ್ಲೇ ಬಿಡುವ ಐಮ್ಯಾಪ್ ಇಟ್ಟುಕೊಂಡವರ ಕಾಗದ ದೂರದ ಸರ್ವರಿನಲ್ಲಿ ಒಣಗಿಯೇ ಇತ್ತು.

ಇನ್ನು ಹಠ ಹಿಡಿದು ಪಾರು ಮಾಡಿದ ಮೇಲ್‌ನಲ್ಲಿ ಏನಿರುತ್ತದೆ? “ಹತ್ತು ಮಂದಿಗೆ ಕಳಿಸದಿದ್ದರೆ ಕೇಡು” ಅನ್ನೋ ದೇವರ ಫೋಟೋ, ನೈಜೀರಿಯದ ರಾಜಕುಮಾರನ ಆಸ್ತಿ, ಮುಗಿದುಹೋದ ಸಾಲದ ಆಫರು. ನಡುವೆ ನುಡಿ ಸಾಫ್ಟ್‌ವೇರಿನಲ್ಲಿ ಟೈಪು ಮಾಡಿದ ಅಸಲಿ ಕಾಗದಗಳು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ. ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ‘ಕನ್ನಡ’ ಅಂತ ಬರೆದದ್ದರ ನಟ್ಟನಡುವೆ ಬ್ರಿಟಿಷರ ಪೌಂಡ್ ಚಿಹ್ನೆ! ಸಾಂಗ್ಲಿ ಕಡೆಯಿಂದ ಶ್ರೀಲಿಪಿಯಲ್ಲಿ ಬಂದ ಮರಾಠಿ ಲಗ್ನಪತ್ರಿಕೆಗೂ ಇದೇ ಗತಿ. ಗಡಿಯ ಎರಡೂ ಭಾಷೆಗೆ ಸಮಾನ ನ್ಯಾಯ ಸಿಕ್ಕ ಜಾಗ ಇದೊಂದೇ ಇರಬೇಕು. ಫಾಂಟು ಹಾಕಬೇಕು, ಇಲ್ಲವೇ ಯುನಿಕೋಡಿಗೆ ಬದಲಿಸಬೇಕು. ಅಲ್ಲೀತನಕ ಆ ಮೇಲ್ ಅಳಿಸಬೇಡಿ.

ಹಾಗಂತ ಎಲ್ಲಾ ಕಸ ಅನ್ನಲೂ ಬರೋದಿಲ್ಲ. 2025ರ ಜೂನಿನಲ್ಲಿ ಮಿಲಾನಿನ ವೇದಿಕೆಯಲ್ಲಿ ಪ್ರಾಡಾದವರು ಕೊಲ್ಹಾಪುರಿಯಂಥದೇ ಚಪ್ಪಲಿ ಮೆರೆಸಿದರು. ಆ ಹೆಸರಿನ ಜಿಐ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಪಾಲೂ ಇದೆ. ಅವತ್ತು ಅಥಣಿಯ ಒಬ್ಬ ಚಪ್ಪಲಿ ವ್ಯಾಪಾರಿಗಾದರೂ ಹಳೇ ಮೇಲ್ ತೆಗೆಯುವ ಮನಸ್ಸಾಗಿರಲೇಬೇಕು: “ಈ ಪಟ್ಟಿ, ಈ ಹೆಣಿಗಿ, ಫೋಟೋ ಹೊಡೆದು ಆಗೇ ಕಳಿಸಿದ್ವೆಲ್ಲೋ!”

ಹಳೇ ಮೇಲ್ ಪಾರು ಮಾಡುವ ದಾರಿ ಕಷ್ಟದ್ದೇನಲ್ಲ. ಹಳೇ ಖಾತೆ ಇನ್ನೂ ತೆರೆಯುವಾಗಲೇ ಥಂಡರ್‌ಬರ್ಡಿನಲ್ಲಿ ಹಳೇದು, ಹೊಸದು ಎರಡನ್ನೂ ಐಮ್ಯಾಪಿನಲ್ಲಿ ಕೂಡಿಸಿ ಇದರಿಂದ ಅದಕ್ಕೆ ನಕಲು ಮಾಡೋದು. ಎರಡೂ ಕಡೆಯ ಎಣಿಕೆ ತಾಳೆ ನೋಡೋದು. ಬ್ಯಾಂಕು, ಪ್ಯಾನ್, ಜಿಎಸ್‌ಟಿಯಲ್ಲಿ ಐಡಿ ಬದಲಿಸೋತನಕ ಹಳೇ ಬಾಗಿಲು ಮುಚ್ಚಬಾರದು. ಎರಡು ವರ್ಷ ಯಾರೂ ಇಣುಕದ ಖಾತೆಗಳನ್ನು ಅಳಿಸುವ ಕೆಲಸ ಗೂಗಲ್‌ನವರು 2023ರ ಡಿಸೆಂಬರಿನಿಂದಲೇ ಶುರು ಮಾಡಿದ್ದಾರೆ. ಅವರ ಹೊಸ ಡಬ್ಬಿ 15 ಜಿಬಿ, ಅದರಲ್ಲಿ ಫೋಟೋಗಳ ಪಾಲೂ ಸೇರಿದೆ. ರಾಜಕುಮಾರನನ್ನು ಅಲ್ಲೇ ಬಿಟ್ಟು ಬಂದರೂ ನಡೆದೀತು.

ಕಾಕಾ ಬಿಡಲಿಲ್ಲ, ರಾಜಕುಮಾರನೂ ಬರಲೇಬೇಕು ಅಂದರು. ಕಡೆಗೆ ಟ್ರಂಕಿನ ತಳದ ಡೈರಿಯಲ್ಲಿ ಪಾಸ್‌ವರ್ಡ್ ಸಿಕ್ಕು, ಹಳೇ ಬಾಗಿಲು ತೆರೆದು, ಹೊಸ ಖಾತೆಯೂ ತಯಾರಾಯಿತು. ಹುಡುಗ ಕೊನೆಯ ಪ್ರಶ್ನೆ ಕೇಳಿದ: “ಕಾಕಾ, ಇದಕ್ಕ ಫೋನ್ ನಂಬರ್ ಯಾವುದು ಹಾಕ್ಲಿ?”

“ನಂದು ಚಾರ್ಜಿಗೆ ಹಚ್ಚೇನೋ. ಸದ್ಯಕ್ಕ ನಿಂದ ಹಾಕಿಬಿಡು ತಮ್ಮಾ.”